ಏಳು

ಮೂರು ಸಾವಿರ ಮೀಟರಿನ ಆ ಓಟದಲ್ಲಿ
ನನ್ನ ಪಾಲಿಗೆ ಬಂದದ್ದು ಹನ್ನೆರಡು ಅಡಿ ನೀರು.
ಗೇಟ್ಸ್‌ಹೆಡ್ ಕ್ರೀಡಾಂಗಣದ ಮೂಲೆಯಲ್ಲಿ
ಟೈನ್ ನದಿಯ ಗಾಳಿಗೆ ಬೆನ್ನು ಕೊಟ್ಟು,
ಬಗಲಲ್ಲಿ ಹಳದಿ ಬಾವುಟ, ಜೇಬಲ್ಲಿ ಹುರಿಗಡಲೆ,
ಇಪ್ಪತ್ತೆರಡು ಬೇಸಿಗೆ ನಿಂತಿದ್ದೆ.
ಬೇಸಿಗೆ ಎಂದೆ; ಅಲ್ಲಿ ಅದಕ್ಕೂ ಒಂದು ಸ್ವೆಟರ್ ಬೇಕು.

ಹಾಗಾಗಿ ಡೆರಿಕ್ ಥರ್ಲ್‌ವೆಲ್‌ನ ಗೆಲುವುಗಳನ್ನು ನಾನು ಕಂಡಿಲ್ಲ.
ಗೆರೆ ಇದ್ದದ್ದು ಆಚೆ ಬದಿಗೆ. ಅಲ್ಲಿ ದಾರ ಹರಿಯುವಾಗ
ನನ್ನ ಕಣ್ಣು ಇನ್ನೂ ಕೊನೆಯವನ ಪಾದದ ಮೇಲೆ.
ಚಪ್ಪಾಳೆ ಕೇಳಿ, ಓ ಗೆದ್ದ, ಎಂದುಕೊಳ್ಳುತ್ತಿದ್ದೆ,
ಪಕ್ಕದ ಬೀದಿಯ ಮದುವೆಯ ಓಲಗ ಕೇಳಿದ ಹಾಗೆ.
ಕಂಡದ್ದು ಓಟಕ್ಕೆ ಏಳು ಸಲ ಮಾತ್ರ:
ತೊಲೆಯ ಮೇಲೆ ಎಡಗಾಲು, ಮಂಡಿ ಮಡಚಿ
ಕೂಗುವ ಮುಂಚಿನ ಹುಂಜದಂತೆ ಒಂದು ಗಳಿಗೆ ಕೂತು,
ಆಮೇಲೆ ಒತ್ತಿ, ಚಿಮ್ಮಿ,
ಒಂದೇ ಪಾದ ಒದ್ದೆ.

ಹರ್ಡಲ್‌ಗೆ ಕಾಲು ತಾಗಿದರೆ ಅದು ಬೀಳುತ್ತದೆ, ಪಾಪದ ಪ್ರಾಣಿ.
ಇದು ಹಾಗಲ್ಲ. ಇದಕ್ಕೆ ತಾಗಿದರೆ
ಬೀಳುವುದು ನೀನು.

ಅವನು ಅಂಚೆಯವನು. ಲೋ ಫೆಲ್‌ನ ಇಳಿಜಾರು ಬೀದಿಗಳಲ್ಲಿ
ಗೇಟು ತೆರೆಯುವ ಪುರುಸೊತ್ತಿಲ್ಲದೆ ಬೇಲಿಯಿಂದ ಬೇಲಿಗೆ ಹಾರಿ
ಕರೆಂಟಿನ ಬಿಲ್ಲು, ಸಾವಿನ ಸುದ್ದಿ, ಬ್ಲ್ಯಾಕ್‌ಪೂಲಿನ ಚಿತ್ರಕಾರ್ಡು ಹಂಚುತ್ತಿದ್ದ.
ಗುಲಾಬಿ ಗಿಡ ಮುರಿದನೆಂದು ಮುದುಕಿಯೊಬ್ಬಳು ದೂರು ಕೊಟ್ಟಳು;
ಮೇಲಧಿಕಾರಿ ಕರೆಸಿ ಬೈದ,
ಮರುದಿನ ತಾನೇ ಕರೆದೊಯ್ದು ಓಟದ ಕ್ಲಬ್ಬಿಗೆ ಸೇರಿಸಿದ.
ಕಥೆ ಹೀಗಂತೆ. ಉಳಿದದ್ದು ಗೊತ್ತಿಲ್ಲ, ಗುಲಾಬಿ ಮಾತ್ರ ನಿಜ:
ಆ ಮುದುಕಿಯ ಮಾಳಿಗೆಯಲ್ಲಿ ಬಾಡಿಗೆಗಿದ್ದವನು ನಾನೇ.

ಮೊದಲ ವರ್ಷ ಒಂಬತ್ತನೆಯವ. ಮರುವರ್ಷ ಮೂರು.
ಆಮೇಲೆ ದೇಶಕ್ಕೇ ಮೊದಲಿಗ, ಅದರ ಮುಂದಿನ ವರ್ಷವೂ.
ಪತ್ರಿಕೆಯಲ್ಲಿ ಫೋಟೊ. ಅವನ ಹಿಂದೆ, ಮಸುಕಾಗಿ,
ನನ್ನ ಒಂದು ಮೊಣಕೈ.
ಅದನ್ನು ಕತ್ತರಿಸಿ ಇಟ್ಟಿದ್ದೇನೆ.

ಅದರಾಚೆಯ ವರ್ಷ, ಏಳನೆಯ ನೀರು.
ಹದಿನೈದು ಗಜ ಮುಂದಿದ್ದ. ಎಡಗಾಲಿಟ್ಟ.
ಹಿಮ್ಮಡಿಯ ಹಿಂದೆ ಏನೋ ಪಟ್ಟೆಂದಿತು,
ಹಸಿ ಹುರುಳಿಕಾಯಿ ಮುರಿದಷ್ಟು ಸದ್ದು,
ನನಗೊಬ್ಬನಿಗೇ ಕೇಳಿಸುವಷ್ಟು.
ಬೋರಲಾಗಿ ನೀರಿಗೆ ಬಿದ್ದ.
ತೀರ್ಪುಗಾರ ಬಾಯಿ ಬಿಡುವಂತಿಲ್ಲ, ಬಾವುಟವೇ ಅವನ ನಾಲಿಗೆ.
ಅಷ್ಟು ಬೇಸಿಗೆಗಳಲ್ಲಿ ಒಂದೇ ಸಲ ನಿಯಮ ಮುರಿದೆ:
"ಏಳೋ!"
ಎದ್ದ. ಇಬ್ಬರು ದಾಟಿದರು, ಮತ್ತೆ ಆರು ಜನ, ಮತ್ತೆ ಎಲ್ಲರೂ.
ಕುಂಟಿ ಕುಂಟಿ ಗೆರೆ ಮುಟ್ಟಿದನಂತೆ.
ನಾನು ನೋಡಲಿಲ್ಲ, ತಳದಲ್ಲಿ ಉಳಿದ ಅವನ ಶೂವಿಗೆ
ಮೊಣಕೈ ತನಕ ತಡಕಾಡುತ್ತಿದ್ದೆ.

ಶೂ ಕೊಡಲು ಹೋದರೆ, ಮಂಜುಗಡ್ಡೆಯ ಬಕೆಟ್ಟಿನಲ್ಲಿ ಕಾಲಿಟ್ಟು ಕೂತವನು
ಸಿಟ್ಟಿನಿಂದಲೇ ಕೇಳಿದ:
"ಅಲ್ಲಯ್ಯಾ, ಮನುಷ್ಯ ಮುಳುಗುತ್ತಿರುವಾಗ
ಯಾರಾದರೂ ಹಲೋ ಅನ್ನುತ್ತಾರಾ?"
ಹಲೋ ಅಲ್ಲ ಮಾರಾಯ, ಏಳೋ.
ನಮ್ಮಲ್ಲಿ ಮಲಗಿದ ಮಗುವಿಗೂ ದೇವರಿಗೂ ಇದೇ ಮಾತು,
ಆರಾದ ಮೇಲಿನ ಅಂಕಿಗೂ ಇದೇ.
ಅವನು ಬೆರಳು ಮಡಚಿ ಎಣಿಸಿದ.
"ಹಾಗಾದರೆ ಲೆಕ್ಕ ಹೇಳಿದೆಯೋ, ಅಪ್ಪಣೆ ಕೊಟ್ಟೆಯೋ?"
ಗೊತ್ತಾಗಲಿಲ್ಲ. ಹುರಿಗಡಲೆ ಕೊಟ್ಟೆ.

ದೊಡ್ಡ ಕೂಟದ ವಿಮಾನ ಅವನಿಲ್ಲದೆ ಹಾರಿತು.
ಮತ್ತೆ ಎರಡು ವರ್ಷ ಓಡಿದ, ಬಲಗಾಲಿಟ್ಟು, ಎರಡೂ ಪಾದ ಒದ್ದೆ.
ಹನ್ನೊಂದನೆಯವ. ಹದಿನಾಲ್ಕನೆಯವ.
ಯಾರೂ ಫೋಟೊ ತೆಗೆಯಲಿಲ್ಲ.
ನನಗೆ ಮಾತ್ರ ಅವೇ ಅವನ ಒಳ್ಳೆಯ ಓಟಗಳು:
ನಿಧಾನಕ್ಕೆ ಬಂದದ್ದರಿಂದ ಮುಖ ಕಂಡಿತು.

ಮುದುಕಿ ಹೋದಳು, ಮನೆ ನಾನು ಕೊಂಡೆ, ಗುಲಾಬಿ ಚಿಗುರಿದೆ.
ಬೆಳಿಗ್ಗೆ ಗೇಟಿನ ಚಿಲಕ ಎತ್ತುವ ಸದ್ದು, ಹಾಕುವ ಸದ್ದು,
ಆಮೇಲೆ ಹೆಜ್ಜೆಗಳು, ಒಂದು ಗಟ್ಟಿ, ಒಂದು ಮೆಲ್ಲಗೆ.
ಕಾಗದ ಒಳಗೆ ಜಾರಿಸಿ, ಬಾಗಿಲ ಸೀಳಿಗೆ ಬಾಯಿಟ್ಟು ಕೂಗುತ್ತಾನೆ,
"ಏಳೋ!"
ನಾನಿನ್ನೂ ಹಾಸಿಗೆಯಲ್ಲಿದ್ದೇನೆಂದು
ಅವನಿಗೆ ಹೇಗೆ ಗೊತ್ತೋ.